ಹೆಪ್ಪು ಮತ್ತು ನಂಜು

ಚಿತ್ರದುರ್ಗದ ಜೋಗಿಮಟ್ಟಿಯ ತಪ್ಪಲಿನ ಕಡಲೆಕಾಯಿ ಹೊಲದಲ್ಲಿ ಕೊಳಕುಮಂಡಲ ಕಚ್ಚಿದವರನ್ನು ತಾಲ್ಲೂಕು ಆಸ್ಪತ್ರೆಗೆ ತಂದಾಗ ವೈದ್ಯರು ಮಾಡುವ ಮೊದಲ ಪರೀಕ್ಷೆಗೆ ಯಂತ್ರವೇನೂ ಬೇಕಿಲ್ಲ. ಒಂದೆರಡು ಮಿಲಿಲೀಟರ್ ರಕ್ತ ತೆಗೆದು, ಒಣಗಿದ ಗಾಜಿನ ಟ್ಯೂಬಿಗೆ ಹಾಕಿ, ಅಲುಗಿಸದೆ ಇಪ್ಪತ್ತು ನಿಮಿಷ ಬಿಡುತ್ತಾರೆ. ಆಮೇಲೆ ಟ್ಯೂಬನ್ನು ಓರೆ ಮಾಡುತ್ತಾರೆ. ರಕ್ತ ಗಟ್ಟಿಯಾಗಿ ನಿಂತಿದ್ದರೆ ಸದ್ಯಕ್ಕೆ ನೆಮ್ಮದಿ. ನೀರಿನಂತೆ ಹರಿದರೆ ವಿಷ ಏರಿದೆ ಎಂದರ್ಥ. ಹಾವಿನ ವಿಷ ರಕ್ತವನ್ನು ತೆಳ್ಳಗೆ ಮಾಡುತ್ತದೆ ಎಂದು ಜನ ಹೇಳುವುದುಂಟು. ನಿಜಕ್ಕೂ ನಡೆಯುವುದು ಅದರ ತಿರುಗುಮುರುಗು. ಮಂಡಲದ ವಿಷ ಮೈಯೆಲ್ಲ ರಕ್ತವನ್ನು ಒಂದೇ ಸಲಕ್ಕೆ ಹೆಪ್ಪುಗಟ್ಟಲು ಹಚ್ಚುತ್ತದೆ. ಹೆಪ್ಪಿಗೆ ಬೇಕಾದ ಸಾಮಾನೆಲ್ಲ ಸಣ್ಣ ಸಣ್ಣ ಉಂಡೆಗಳಾಗಿ ಕರಗಿ ಖರ್ಚಾಗಿ, ಕೊನೆಗೆ ಗಾಯ ಮುಚ್ಚಲು ಏನೂ ಉಳಿಯುವುದಿಲ್ಲ.

ಇದೇ ಹಾವಿನ ವಿಷಕ್ಕೆ ಹೆರಿಗೆ ವೈದ್ಯರ ಲೋಕದಲ್ಲೂ ಒಂದು ಕೆಲಸವಿದೆ. ಮೂರು ಸಲ ಬಸುರಾಗಿ ಮೂರು ಸಲವೂ ಗರ್ಭ ಇಳಿದುಹೋದ ಹೆಣ್ಣುಮಗಳ ರಕ್ತ ದೊಡ್ಡ ಪ್ರಯೋಗಾಲಯಕ್ಕೆ ಹೋದಾಗ, ಅಲ್ಲಿನ ತಂತ್ರಜ್ಞರು ರಕ್ತದ ತಿಳಿಗೆ ತೀರಾ ತೆಳುಮಾಡಿದ ಮಂಡಲದ ವಿಷ ಬೆರೆಸಿ, ಎಷ್ಟು ಸೆಕೆಂಡಿಗೆ ಹೆಪ್ಪಾಗುತ್ತದೆ ಎಂದು ಎಣಿಸುತ್ತಾರೆ. ಎಣಿಕೆ ಮೀರಿ ಹೊತ್ತು ಹಿಡಿದರೆ, ಆಕೆಯ ದೇಹವೇ ತನ್ನ ಜೀವಕೋಶಗಳ ಮೇಲೆ ಬೀಳುವ ಪ್ರತಿಕಾಯಗಳನ್ನು ತಯಾರಿಸುತ್ತಿರಬಹುದು ಎಂಬ ಅನುಮಾನ ಬಲವಾಗುತ್ತದೆ. ಹೊಲದಲ್ಲಿ ಜೀವ ತೆಗೆಯುವ ವಿಷ ಇಲ್ಲಿ, ನಿಲ್ಲದ ಗರ್ಭದ ಕಾರಣ ಹುಡುಕುವ ಸಾಧನ.

ಕನ್ನಡದಲ್ಲಿ ಹಾಲಿಗೂ ರಕ್ತಕ್ಕೂ ಒಂದೇ ಮಾತು: ಹೆಪ್ಪು. ಜೊತೆಗೆ ಇನ್ನೊಂದು ಮಾತಿದೆ: ನಂಜು. ಹಾವಿನದೂ ನಂಜು, ಗಾಯ ಕೆಂಪಾಗಿ ಊದಿ ಕೀವಾದರೂ ನಂಜು, ಬಸುರಿಯ ಮುಖ, ಕೈಕಾಲು ಬಾತು ಬಿ.ಪಿ. ಏರಿದರೂ ಗರ್ಭನಂಜು. ವೈದ್ಯಶಾಸ್ತ್ರ ಬಹುಕಾಲ ಹೆಪ್ಪುಗಟ್ಟುವುದನ್ನು ಒಂದು ವಿಭಾಗಕ್ಕೂ ಉರಿಯೂತವನ್ನು ಇನ್ನೊಂದು ವಿಭಾಗಕ್ಕೂ ಹಂಚಿಕೊಟ್ಟಿತ್ತು. ಬಸುರಿ ಬಾಣಂತಿಯರನ್ನು ಕಾಡುವ ದೊಡ್ಡ ತೊಡಕುಗಳನ್ನು ಹತ್ತಿರದಿಂದ ನೋಡಿದಷ್ಟೂ ಆ ಗೋಡೆ ನಿಲ್ಲಲಿಲ್ಲ. ನಂಜು ಹೆಪ್ಪನ್ನು ಎಬ್ಬಿಸುತ್ತದೆ, ಹೆಪ್ಪು ನಂಜನ್ನು ಹೆಚ್ಚಿಸುತ್ತದೆ.

ಮೊದಲು ಹೆಪ್ಪಿನ ವಿಚಾರ. ದಿನ ತುಂಬಿದ ಬಸುರಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತದೆ. ಮಗು ಹುಟ್ಟಿ ಮಾಸು ಕಳಚಿದ ಕೂಡಲೇ ಅಷ್ಟೂ ರಕ್ತನಾಳಗಳು ಬಾಯಿ ತೆರೆದುಕೊಳ್ಳುತ್ತವೆ. ಗರ್ಭಕೋಶ ಬಿಗಿಯಾಗಿ ಮುದುಡಿ ಅವನ್ನು ಹಿಸುಕಬೇಕು, ರಕ್ತ ಅಲ್ಲೇ ಗಟ್ಟಿಯಾಗಿ ಬಾಯಿ ಮುಚ್ಚಬೇಕು. ಎರಡರಲ್ಲಿ ಯಾವುದು ತಪ್ಪಿದರೂ ತಾಯಿಗೆ ಉಳಿಯುವುದು ನಿಮಿಷಗಳ ಲೆಕ್ಕ. ಈ ಗಂಡಾಂತರಕ್ಕೆ ದೇಹ ತಿಂಗಳುಗಟ್ಟಲೆ ಮೊದಲೇ ಸಿದ್ಧತೆ ನಡೆಸುತ್ತದೆ. ಹೆಪ್ಪಿನ ಎಳೆಗಳಾಗುವ ಫೈಬ್ರಿನೋಜೆನ್ ಎಂಬ ಪ್ರೋಟೀನು ಸಾಮಾನ್ಯ ದಿನಗಳಲ್ಲಿ ಲೀಟರಿಗೆ 2ರಿಂದ 4 ಗ್ರಾಮಿನಷ್ಟಿರುತ್ತದೆ. ದಿನ ತುಂಬುವ ಹೊತ್ತಿಗೆ ಅದು 4ರಿಂದ 6 ಗ್ರಾಮಿಗೆ ಏರುತ್ತದೆ. ಹೆಪ್ಪುಗಟ್ಟಿಸುವ ಇತರ ಹಲವು ಅಂಶಗಳೂ ಏರುತ್ತವೆ. ಹೆಪ್ಪಿಗೆ ಲಗಾಮು ಹಾಕುವ ಪ್ರೋಟೀನ್-ಎಸ್ ಇಳಿಯುತ್ತದೆ. ಆದ ಹೆಪ್ಪನ್ನು ಕರಗಿಸುವ ವ್ಯವಸ್ಥೆ ಮಂದವಾಗುತ್ತದೆ.

ಹೀಗಾಗಿ ಬಸುರಿಯ ರಕ್ತ, ಸ್ವಲ್ಪ ಬೆಚ್ಚಗಾದರೂ ಸಾಕು ಎಂದು ಹೆಪ್ಪು ಬೆರೆಸಿಟ್ಟ ಹಾಲಿನಂತಿರುತ್ತದೆ. ಹೆರಿಗೆಯ ದಿನ ಜೀವ ಉಳಿಸುವ ಈ ಗುಣಕ್ಕೆ ದೇಹ ಒಂದು ಬೆಲೆಯನ್ನೂ ತೆರಬೇಕಾಗುತ್ತದೆ. ಕಾಲಿನ ಆಳದ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಬಸುರಿಯರಿಗೆ ಅದೇ ವಯಸ್ಸಿನ ಇತರ ಹೆಂಗಸರಿಗಿಂತ ನಾಲ್ಕೈದು ಪಟ್ಟು. ಹೆರಿಗೆಯಾದ ಮೊದಲ ಆರು ವಾರ ಅದು ಇನ್ನೂ ಹೆಚ್ಚು. ಒಟ್ಟು ಲೆಕ್ಕದಲ್ಲಿ ಸಾವಿರ ಬಸುರಿಗೆ ಒಂದೋ ಎರಡೋ. ಸಂಖ್ಯೆ ಸಣ್ಣದು, ಆದರೆ ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಏರಿದರೆ ಉಸಿರು ನಿಲ್ಲುತ್ತದೆ. ಇಂಥ ಹೆಪ್ಪು ಹೆಚ್ಚಾಗಿ ಎಡಗಾಲಿನಲ್ಲೇ ಕಾಣಿಸುವುದಕ್ಕೆ ಕಾರಣ ಸರಳ. ಕಿಬ್ಬೊಟ್ಟೆಯಲ್ಲಿ ಬಲಗಡೆಗೆ ಹೋಗುವ ಶುದ್ಧರಕ್ತನಾಳ ಎಡಗಾಲಿನಿಂದ ಬರುವ ಅಶುದ್ಧರಕ್ತನಾಳದ ಮೇಲೆ ಅಡ್ಡ ಹಾಯುತ್ತದೆ. ಬೆಳೆದ ಗರ್ಭದ ಭಾರವೂ ಸೇರಿದಾಗ ಕೆಳಗಿನ ನಾಳದ ಹರಿವು ನಿಧಾನವಾಗುತ್ತದೆ. ಬಸುರಿಯರಿಗೆ ಎರಡೂ ಕಾಲು ಬಾಯುವುದು ಸಾಮಾನ್ಯ. ಒಂದೇ ಕಾಲು ಬಾತು, ಬಿಸಿಯಾಗಿ, ಮೀನಖಂಡ ಹಿಡಿದುಕೊಂಡರೆ ಅದು ಎಣ್ಣೆ ತಿಕ್ಕಿ ಸುಮ್ಮನಾಗುವ ನೋವಲ್ಲ. ಹಾಗೆ ತಿಕ್ಕಿದರೆ ಹೆಪ್ಪು ಕಳಚುವ ಭಯವೂ ಇದೆ.

ಇನ್ನು ನಂಜಿನ ಕಡೆಗೆ. ಹೊರಗಿನಿಂದ ರೋಗಾಣು ನುಗ್ಗಿದಾಗ ಬಿಳಿ ರಕ್ತಕಣಗಳು ಅಲ್ಲಿಗೆ ಓಡಿಬಂದು ಕಾದಾಡುವುದೇ ಉರಿಯೂತ. ಆ ಹೊತ್ತಿನಲ್ಲಿ ರಕ್ತ ಹೆಪ್ಪುಗಟ್ಟುವುದು ಲೋಪವಲ್ಲ, ಅದು ಯುದ್ಧತಂತ್ರದ ಭಾಗ. ಹೆಪ್ಪಿನ ಬಲೆ ಕಟ್ಟಿದರೆ ರೋಗಾಣು ಮುಂದೆ ಹೋಗಲಾರದು. ಕುದುರೆಲಾಳದ ಆಕಾರದ ಒಂದು ಪುರಾತನ ಕಡಲಜೀವಿ ಒಡಿಶಾ ಕರಾವಳಿಯಲ್ಲೂ ಇದೆ. ಅದರ ರಕ್ತದಲ್ಲಿ ರೋಗಾಣುವನ್ನು ಗುರುತಿಸುವ ಕಣವೂ ಹೆಪ್ಪುಗಟ್ಟಿಸುವ ಕಣವೂ ಒಂದೇ. ಬ್ಯಾಕ್ಟೀರಿಯಾದ ನಂಜು ಲವಲೇಶ ಸೋಕಿದರೂ ಆ ರಕ್ತ ಮುದ್ದೆಯಾಗುತ್ತದೆ. ಈ ಗುಣವನ್ನೇ ಹಿಡಿದು, ಸಿರೆಗೆ ಏರಿಸುವ ಡ್ರಿಪ್ ದ್ರಾವಣಗಳಲ್ಲಿ ನಂಜಿದೆಯೇ ಎಂದು ಔಷಧ ಕಾರ್ಖಾನೆಗಳು ದಶಕಗಳಿಂದ ಪರೀಕ್ಷಿಸುತ್ತಿವೆ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಡ್ರಿಪ್ ದ್ರಾವಣದ ಗುಣಮಟ್ಟದ ಪ್ರಶ್ನೆ ರಾಜ್ಯವನ್ನೇ ನಡುಗಿಸಿತು. ಅಂಥ ಪರೀಕ್ಷೆಗಳ ಮೇಲೆ ಎಷ್ಟು ಮನೆಗಳ ಭರವಸೆ ನಿಂತಿದೆ ಎಂಬುದು ಆಗ ಎಲ್ಲರಿಗೂ ಕಂಡಿತು.

ಮನುಷ್ಯರಲ್ಲಿ ಈ ಎರಡು ಕೆಲಸಗಳು ಬೇರೆ ಬೇರೆ ಕಣಗಳಿಗೆ ಹಂಚಿಹೋಗಿದ್ದರೂ ಹಳೆಯ ನಂಟು ಕಡಿದಿಲ್ಲ. ಬಿಳಿ ರಕ್ತಕಣವೊಂದು ಸಾಯುವ ಮುನ್ನ ತನ್ನೊಳಗಿನ ಡಿಎನ್‌ಎ ಎಳೆಗಳನ್ನೇ ಹೊರಕ್ಕೆ ಎರಚಿ ರೋಗಾಣುವನ್ನು ಬಲೆಗೆ ಹಾಕುತ್ತದೆ ಎಂಬುದನ್ನು 2004ರಲ್ಲಿ ಬರ್ಲಿನ್ನಿನ ವಿಜ್ಞಾನಿಗಳು ತೋರಿಸಿದರು. ಆ ಎಳೆಗಳು ಪ್ಲೇಟ್‌ಲೆಟ್‌ಗಳನ್ನೂ ಹಿಡಿದುಕೊಂಡು ಹೆಪ್ಪಿಗೆ ಚೌಕಟ್ಟಾಗುತ್ತವೆ ಎಂಬುದು ಮುಂದಿನ ವರ್ಷಗಳಲ್ಲಿ ತಿಳಿದುಬಂತು. ಗರ್ಭನಂಜಿಗೆ ತುತ್ತಾದವರ ಮಾಸಿನಲ್ಲಿ ಇಂಥ ಬಲೆಗಳು ಹೇರಳವಾಗಿ ಸಿಕ್ಕಿವೆ.

ಗರ್ಭನಂಜಿನ ಬೇರು ಇರುವುದು ಬಿ.ಪಿ. ಏರುವ ಏಳನೆಯ ಅಥವಾ ಎಂಟನೆಯ ತಿಂಗಳಲ್ಲಲ್ಲ, ಮೊದಲ ನಾಲ್ಕೈದು ತಿಂಗಳಲ್ಲಿ. ಮಾಸಿನ ಜೀವಕೋಶಗಳು ಆಗ ಗರ್ಭಕೋಶದ ಗೋಡೆಗೆ ಇಳಿದು, ಅಲ್ಲಿನ ಸುರುಳಿ ರಕ್ತನಾಳಗಳ ಬಿಗಿ ಗೋಡೆಯನ್ನು ಸಡಿಲಿಸಿ ಅಗಲ ಮಾಡುತ್ತವೆ. ತೂಬಿನ ಕಿರಿದಾದ ಬಾಯಿಯನ್ನು ಕಾಲುವೆಯಷ್ಟು ಅಗಲ ಮಾಡಿಕೊಂಡಂತೆ ಇದು. ಅರ್ಧ ಅಪ್ಪನದಾಗಿರುವ ಆ ಕೋಶಗಳನ್ನು ತಾಯಿಯ ರೋಗನಿರೋಧಕ ಪಡೆ ಒಪ್ಪಿಕೊಂಡು ನೆರವಾಗಬೇಕು. ಆ ಒಪ್ಪಂದ ಕೆಟ್ಟರೆ ನಾಳಗಳು ಇಕ್ಕಟ್ಟಾಗಿಯೇ ಉಳಿಯುತ್ತವೆ. ಹರಿವು ಸಾಲದ ಕಡೆ ಹೆಪ್ಪುಗಟ್ಟಿ ಮಾಸಿನ ತುಂಡು ತುಂಡು ಸಾಯುತ್ತದೆ. ಉಸಿರು ಸಾಲದ ಮಾಸು ತಾಯಿಯ ರಕ್ತಕ್ಕೆ ಒಂದು ಪ್ರೋಟೀನನ್ನು ಸುರಿಯುತ್ತದೆ. ಭಾರತ ಮೂಲದ ವೈದ್ಯ ಅನಂತ ಕರುಮಾಂಚಿ ಮತ್ತು ಸಂಗಡಿಗರು 2003ರಲ್ಲಿ ಬಾಸ್ಟನ್ನಿನಲ್ಲಿ ಗುರುತಿಸಿದ ಆ ಪ್ರೋಟೀನು ತಾಯಿಯ ರಕ್ತನಾಳಗಳ ನುಣುಪಾದ ಒಳಪದರವನ್ನು ಹದಗೆಡಿಸುತ್ತದೆ. ಒಳಪದರ ಕೆಟ್ಟ ಕಡೆಯೆಲ್ಲ ಪ್ಲೇಟ್‌ಲೆಟ್ ಅಂಟುತ್ತದೆ, ಬಿ.ಪಿ. ಏರುತ್ತದೆ, ಮೂತ್ರಪಿಂಡ ಸೋರುತ್ತದೆ. ತೀರಾ ಕೆಟ್ಟಾಗ ಕೆಂಪು ರಕ್ತಕಣಗಳೇ ಒಡೆದು, ಪಿತ್ತಜನಕಾಂಗ ನೊಂದು, ಪ್ಲೇಟ್‌ಲೆಟ್ ಕುಸಿಯುತ್ತದೆ. ಬಸುರಿಗೆ ಪಕ್ಕೆಲುಬಿನ ಕೆಳಗೆ ಬಲಗಡೆ ಹಿಡಿದುಕೊಂಡ ನೋವನ್ನು ಗ್ಯಾಸ್ ಎಂದುಕೊಂಡು ಸೋಡ ಕುಡಿಸಿ ಮಲಗಿಸುವುದು ಇಲ್ಲಿ ಜೀವಕ್ಕೇ ಎರವಾಗಬಹುದು.

ಹೀಗೆ ಬೇರು ಮೊದಲ ತಿಂಗಳುಗಳಲ್ಲಿದ್ದರೆ ಔಷಧವೂ ಆಗಲೇ ಬೇಕಲ್ಲವೇ? ಈ ಪ್ರಶ್ನೆಗೆ ಉತ್ತರ ಹುಡುಕಿದ ದೊಡ್ಡ ಅಧ್ಯಯನವೊಂದು ಕರ್ನಾಟಕದ ಹಳ್ಳಿಗಳಲ್ಲೇ ನಡೆದಿದೆ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಶಿವಪ್ರಸಾದ ಗೌಡರ ಮತ್ತು ಅವರ ತಂಡ, ನಾಗಪುರ, ಪಾಕಿಸ್ತಾನ, ಕಾಂಗೊ, ಕೀನ್ಯಾ, ಜಾಂಬಿಯಾ, ಗ್ವಾಟೆಮಾಲಾಗಳ ತಂಡಗಳ ಜೊತೆ ಸೇರಿ 11,976 ಚೊಚ್ಚಲ ಬಸುರಿಯರನ್ನು ಅಧ್ಯಯನಕ್ಕೆ ಸೇರಿಸಿಕೊಂಡಿತು. ಅರ್ಧದಷ್ಟು ಮಂದಿಗೆ ದಿನಕ್ಕೆ 81 ಮಿಲಿಗ್ರಾಂ ಆಸ್ಪಿರಿನ್, ಉಳಿದವರಿಗೆ ಅದೇ ರೂಪದ ಔಷಧವಿಲ್ಲದ ಮಾತ್ರೆ. ಆರರಿಂದ ಹದಿನಾಲ್ಕನೆಯ ವಾರದೊಳಗೆ ಶುರು ಮಾಡಿ ಮೂವತ್ತೇಳನೆಯ ವಾರದವರೆಗೆ ಕೊಟ್ಟರು. 2020ರ ಜನವರಿಯಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ದಿನ ತುಂಬುವ ಮೊದಲೇ ಆಗುವ ಹೆರಿಗೆ ನೂರಕ್ಕೆ 13.1ರಿಂದ 11.6ಕ್ಕೆ ಇಳಿಯಿತು. ಹುಟ್ಟುವ ಮೊದಲು ಅಥವಾ ಹುಟ್ಟಿದ ವಾರದೊಳಗೆ ಸಾಯುವ ಶಿಶುಗಳ ಸಂಖ್ಯೆ ಸಾವಿರಕ್ಕೆ 53.6ರಿಂದ 45.7ಕ್ಕೆ ಬಂತು. ಬಿ.ಪಿ. ತೊಂದರೆಯೊಂದಿಗೆ 34 ವಾರಕ್ಕೂ ಮೊದಲೇ ಹೆರಿಗೆಯಾಗುವುದು ನೂರಕ್ಕೆ 0.4ರಿಂದ 0.1ಕ್ಕೆ ಇಳಿಯಿತು.

ಇಷ್ಟೇನಾ ಎನ್ನುವವರಿರಬಹುದು. ಸಾವಿರಕ್ಕೆ ಎಂಟು ತೊಟ್ಟಿಲು ಖಾಲಿಯಾಗದೆ ಉಳಿದವು, ಅದೂ ತಲೆನೋವಿನ ಮಾತ್ರೆಯ ಕಾಲುಭಾಗದಷ್ಟು ಆಸ್ಪಿರಿನ್ನಿನಿಂದ. ಈ ಸಣ್ಣ ಪ್ರಮಾಣದಲ್ಲಿ ಅದು ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟುವುದನ್ನು ತಡೆಯುತ್ತದೆ, ಮಾಸಿನ ಉರಿಯೂತವನ್ನೂ ತಗ್ಗಿಸುತ್ತದೆ ಎಂಬುದು ಈಗಿನ ತಿಳಿವಳಿಕೆ. ಹೆಚ್ಚು ಅಪಾಯದ ಬಸುರಿಯರನ್ನೇ ಆರಿಸಿ 150 ಮಿಲಿಗ್ರಾಂ ಕೊಟ್ಟ ಯುರೋಪಿನ ಅಧ್ಯಯನದಲ್ಲಿ, ಅವಧಿಗೆ ಮೊದಲೇ ಹೆರಿಗೆ ಮಾಡಿಸಬೇಕಾಗುವಷ್ಟು ತೀವ್ರವಾದ ಗರ್ಭನಂಜು ನೂರಕ್ಕೆ 4.3ರಿಂದ 1.6ಕ್ಕೆ ಇಳಿದದ್ದು 2017ರಲ್ಲಿ ವರದಿಯಾಯಿತು. ಹಾಗೆಂದು ಅಂಗಡಿಯಿಂದ ತಂದು ನುಂಗುವ ಮಾತ್ರೆ ಇದಲ್ಲ. ಹಿಂದಿನ ಬಸುರಿನಲ್ಲಿ ಗರ್ಭನಂಜಾದವರು, ಮೊದಲೇ ಬಿ.ಪಿ. ಅಥವಾ ಸಕ್ಕರೆ ಕಾಯಿಲೆ ಇದ್ದವರು, ಮೂತ್ರಪಿಂಡದ ತೊಂದರೆಯವರು, ಅವಳಿ ಬಸುರಿಯರು ವೈದ್ಯರನ್ನು ಕೇಳಿ ಶುರುಮಾಡಬೇಕು. ಕೇಳುವ ಕಾಲ ಮೂರು ತಿಂಗಳು ತುಂಬುವ ಹೊತ್ತಿಗೆ. ನಮ್ಮಲ್ಲಿ ತೊಡಕಾಗುವುದು ಇಲ್ಲೇ. ಬಸುರು ನಿಂತದ್ದನ್ನು ಮೂರು ತಿಂಗಳು ಹೊರಗೆ ಹೇಳಬಾರದು, ದೃಷ್ಟಿಯಾಗುತ್ತದೆ ಎಂಬ ನಂಬಿಕೆ ಇನ್ನೂ ಹಲವು ಮನೆಗಳಲ್ಲಿದೆ. ಆಶಾ ಕಾರ್ಯಕರ್ತೆಗೆ ಸುದ್ದಿ ಮುಟ್ಟಿ ತಾಯಿ ಕಾರ್ಡ್ ಆಗುವ ಹೊತ್ತಿಗೆ ಮಾಸಿನ ಬುನಾದಿ ಕೆಲಸ ಮುಗಿಯುತ್ತಾ ಬಂದಿರುತ್ತದೆ.

ಬೆಳಗಾವಿ, ಬಾಗಲಕೋಟೆಯ ಹಳ್ಳಿಗಳಲ್ಲೇ ಇನ್ನೊಂದು ಪ್ರಯತ್ನವೂ ನಡೆದಿತ್ತು. ಆಶಾ ಕಾರ್ಯಕರ್ತೆಯರಿಗೆ ಬಿ.ಪಿ. ಯಂತ್ರ ಮತ್ತು ಮೊಬೈಲ್ ಕೊಟ್ಟು ಮನೆಬಾಗಿಲಲ್ಲೇ ಬಸುರಿಯರನ್ನು ನೋಡಿಸಿದರು. ಪಾಕಿಸ್ತಾನ, ಮೊಜಾಂಬಿಕ್‌ಗಳಲ್ಲೂ ನಡೆದ ಈ ಅಧ್ಯಯನದ ಒಟ್ಟು ಫಲ ನಿರೀಕ್ಷೆಯಷ್ಟಿರಲಿಲ್ಲ. ಎಂಟು ಅಥವಾ ಹೆಚ್ಚು ಸಲ ಭೇಟಿ ಸಿಕ್ಕವರ ಪಾಡು ಮಾತ್ರ ಉಳಿದವರಿಗಿಂತ ಚೆನ್ನಾಗಿತ್ತು.

ಮತ್ತೆ ಮತ್ತೆ ಗರ್ಭ ಇಳಿದುಹೋಗುವ ಕಥೆಗೆ ಬರೋಣ. 1983ರಲ್ಲಿ ಲಂಡನ್ನಿನ ವೈದ್ಯ ಗ್ರಹಾಮ್ ಹ್ಯೂಸ್ ಒಂದು ಕಾಯಿಲೆಯನ್ನು ವಿವರಿಸಿದರು. ರಕ್ತನಾಳಗಳಲ್ಲಿ ಹೆಪ್ಪು, ಪದೇ ಪದೇ ಗರ್ಭಪಾತ, ಜೊತೆಗೆ ರಕ್ತದಲ್ಲಿ ಒಂದು ಬಗೆಯ ಪ್ರತಿಕಾಯ. ಮಂಡಲದ ವಿಷದ ಪರೀಕ್ಷೆ ಹುಡುಕುವುದು ಇದನ್ನೇ. ಮಾಸಿನ ನಾಳಗಳು ಹೆಪ್ಪಿನಿಂದ ಕಟ್ಟಿಕೊಂಡು ಮಗು ಸಾಯುತ್ತದೆ, ಆದ್ದರಿಂದ ಹೆಪ್ಪು ತಡೆದರೆ ಮಗು ಉಳಿಯುತ್ತದೆ ಎಂದು ಎಲ್ಲರೂ ತರ್ಕಿಸಿದರು. ಅದು ಫಲಿಸಿತು ಕೂಡ. ಲಂಡನ್ನಿನಲ್ಲೇ ಇಂಥ 90 ಹೆಂಗಸರ ಮೇಲೆ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಸ್ಪಿರಿನ್ ಒಂದನ್ನೇ ಪಡೆದವರಲ್ಲಿ ನೂರಕ್ಕೆ 42 ಮಂದಿಗೆ ಮಗು ದಕ್ಕಿತು. ಹೆಪ್ಪು ತಡೆಯುವ ಹೆಪಾರಿನ್ ಚುಚ್ಚುಮದ್ದೂ ಸೇರಿದಾಗ 71 ಮಂದಿಗೆ.

ಆದರೆ ಬಿದ್ದುಹೋದ ಗರ್ಭಗಳ ಮಾಸನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಹಲವು ಸಲ ಹೆಪ್ಪೇ ಕಾಣುತ್ತಿರಲಿಲ್ಲ, ಕಾಣುತ್ತಿದ್ದದ್ದು ಉರಿಯೂತ. 2004ರಲ್ಲಿ ನ್ಯೂಯಾರ್ಕಿನಲ್ಲಿ ಗಿಲ್ಲೆರ್ಮಿನಾ ಜಿರಾರ್ಡಿ, ಜೇನ್ ಸಾಲ್ಮನ್ ಮತ್ತು ಸಂಗಡಿಗರು ಬಸುರಿ ಇಲಿಗಳಿಗೆ ಈ ಪ್ರತಿಕಾಯಗಳನ್ನು ಚುಚ್ಚಿ, ಒಂದು ಗುಂಪಿಗೆ ಹೆಪಾರಿನ್, ಉಳಿದ ಗುಂಪುಗಳಿಗೆ ಹೆಪ್ಪು ತಡೆಯುವ ಬೇರೆ ಔಷಧಗಳನ್ನು ಕೊಟ್ಟರು. ಬೇರೆ ಔಷಧಗಳೂ ರಕ್ತ ಹೆಪ್ಪುಗಟ್ಟದಂತೆ ತಡೆದವು, ಮರಿಗಳು ಮಾತ್ರ ಉಳಿಯಲಿಲ್ಲ. ಹೆಪಾರಿನ್ ಕೊಟ್ಟ ಇಲಿಗಳ ಮರಿಗಳು ಉಳಿದವು. ಹೆಪ್ಪಿಗೆಂದು ಕೊಡುತ್ತಿದ್ದ ಔಷಧ ಅಲ್ಲಿ ಗೆದ್ದದ್ದು ಉರಿಯೂತದ ಒಂದು ಸರಪಳಿಯನ್ನು ಕಡಿದು. ಇಪ್ಪತ್ತು ವರ್ಷ ಸರಿಯಾದ ಔಷಧವನ್ನು ಅರ್ಧ ತಪ್ಪಾದ ಕಾರಣಕ್ಕೆ ಕೊಡುತ್ತಾ ಬಂದಿದ್ದರು.

ಇದು ಬರಿಯ ಪಂಡಿತರ ಚರ್ಚೆಯಲ್ಲ. ಒಂದೆರಡು ಗರ್ಭಪಾತವಾದ ಕೂಡಲೇ ರಕ್ತ ದಪ್ಪವಿದೆ ಎಂದು ಹೇಳಿ ಒಂಬತ್ತು ತಿಂಗಳೂ ದಿನಾ ಹೊಟ್ಟೆಗೆ ಹೆಪಾರಿನ್ ಚುಚ್ಚಿಸಿಕೊಳ್ಳುವಂತೆ ಬರೆದುಕೊಡುವುದು ನಗರಗಳಲ್ಲಿ ರೂಢಿಯಾಗುತ್ತಿದೆ. ಅಡಿಕೆ, ಈರುಳ್ಳಿ ಮಾರಿದ ದುಡ್ಡೆಲ್ಲ ಅದಕ್ಕೆ ಹೋಗಬಹುದು. ವಂಶವಾಹಿಯಿಂದಲೇ ರಕ್ತ ಬೇಗ ಹೆಪ್ಪುಗಟ್ಟುವ ಗುಣವಿದ್ದು, ಹಲವು ಸಲ ಗರ್ಭ ಕಳೆದುಕೊಂಡ 326 ಹೆಂಗಸರ ಮೇಲೆ ನಡೆದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಹೆಪಾರಿನ್ ಪಡೆದವರಲ್ಲಿ ನೂರಕ್ಕೆ 72, ಪಡೆಯದವರಲ್ಲಿ 71 ಮಂದಿಗೆ ಮಗುವಾಯಿತು. ವ್ಯತ್ಯಾಸವೇ ಇಲ್ಲ. ಪ್ರತಿಕಾಯದ ಕಾಯಿಲೆ ನಿಜಕ್ಕೂ ಇದೆಯೇ ಎಂದು ಹನ್ನೆರಡು ವಾರಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ಖಚಿತಪಡಿಸಿಕೊಂಡವರಿಗೆ ಈ ಚುಚ್ಚುಮದ್ದು ವರ. ಉಳಿದವರ ಪಾಲಿಗೆ ಅದು ನೋವು ಮತ್ತು ಖರ್ಚು. ಔಷಧವಿಲ್ಲದೆಯೂ ನೂರಕ್ಕೆ 71 ಮಂದಿಗೆ ಮಗು ದಕ್ಕಿತು ಎಂಬ ಸಂಗತಿಯನ್ನು ಮೂರನೆಯ ಗರ್ಭವನ್ನೂ ಕಳೆದುಕೊಂಡು ಕುಗ್ಗಿ ಕೂತ ಹೆಣ್ಣುಮಗಳಿಗೆ ಯಾರಾದರೂ ಹೇಳಬೇಕು.

ಈ ವಿಷಯದಲ್ಲಿ ಕರ್ನಾಟಕಕ್ಕೆ ತೀರಾ ಹತ್ತಿರದ ಅಧ್ಯಾಯ ಬೆಂಗಳೂರಿನ ನಿಮ್ಹಾನ್ಸ್‌ನದು. ಹೆರಿಗೆಯಾಗಿ ಒಂದೆರಡು ವಾರವಾದ ಬಾಣಂತಿಯರು ತಡೆಯಲಾಗದ ತಲೆನೋವು, ಫಿಟ್ಸ್, ಒಂದು ಕಡೆಯ ಕೈಕಾಲು ಸೋಲುವುದು, ಪ್ರಜ್ಞೆ ತಪ್ಪುವುದು ಎಂದು ಅಲ್ಲಿಗೆ ಬರುತ್ತಿದ್ದರು. ಹಳ್ಳಿಗಳಲ್ಲಿ ಇದಕ್ಕೆ ಬಾಣಂತಿ ಸನ್ನಿ ಎಂದು ಹೆಸರಿಟ್ಟು ತಾಯತ ಕಟ್ಟಿಸಿ, ಹೊಗೆ ಹಾಕಿಸಿ ದಿನ ಕಳೆದಿರುತ್ತಿದ್ದರು. ನಿಜವಾದ ಕಾರಣ ಮಿದುಳಿನಿಂದ ರಕ್ತವನ್ನು ಹೊರಗೆ ಒಯ್ಯುವ ನಾಳಗಳಲ್ಲಿ ಹೆಪ್ಪು. ಪಾಶ್ಚಾತ್ಯ ದೇಶಗಳಲ್ಲಿ ಅಪರೂಪವಾದ ಈ ಕಾಯಿಲೆ ಭಾರತದ ಬಾಣಂತಿಯರಲ್ಲಿ ಮಾತ್ರ ಮೇಲಿಂದ ಮೇಲೆ ಕಾಣುತ್ತಿತ್ತು.

ಮುಂದೆ ಸಂಸ್ಥೆಯ ಮುಖ್ಯಸ್ಥರೂ ಆದ ಡಾ. ಡಿ. ನಾಗರಾಜ ಮತ್ತು ಸಹೋದ್ಯೋಗಿಗಳು ಇವರ ಚಿಕಿತ್ಸೆಯನ್ನು ಪರೀಕ್ಷೆಗೆ ಒಡ್ಡಿದರು. ಹೆಪ್ಪುಗಟ್ಟಿದ ಮಿದುಳಿನಲ್ಲಿ ಹಲವು ಸಲ ರಕ್ತಸ್ರಾವವೂ ಆಗಿರುತ್ತದೆ. ಆ ಭಯದಿಂದ ಹೆಪ್ಪು ತಡೆಯುವ ಔಷಧ ಕೊಡಲು ಹಲವರು ಹಿಂಜರಿಯುತ್ತಿದ್ದರು. 1991ರಲ್ಲಿ ಜರ್ಮನಿಯಲ್ಲಿ 20 ರೋಗಿಗಳ ಸಣ್ಣ ಅಧ್ಯಯನವೊಂದು ದಾರಿ ತೋರಿತ್ತು. ನಿಮ್ಹಾನ್ಸ್ ತಂಡ 57 ಬಾಣಂತಿಯರನ್ನು ಎರಡು ಗುಂಪು ಮಾಡಿ ಒಂದಕ್ಕೆ ಹೆಪಾರಿನ್ ಕೊಟ್ಟಿತು. 1995ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಹೆಪಾರಿನ್ ಪಡೆಯದ ಗುಂಪಿನ ಮೂವರು ಸತ್ತರು ಇಲ್ಲವೇ ಕೈಕಾಲು ಸೋತವರಾಗಿ ಉಳಿದರು. ಹೆಪಾರಿನ್ ಗುಂಪಿನಲ್ಲಿ ಹಾಗಾದವರು ಒಬ್ಬರೂ ಇಲ್ಲ. ಸಂಖ್ಯೆ ಚಿಕ್ಕದಾದರೂ ಯುರೋಪಿನ ನರರೋಗ ತಜ್ಞರ ಮಾರ್ಗಸೂಚಿಗಳು ಇದನ್ನು ಉಲ್ಲೇಖಿಸಿದವು.

ನಮ್ಮ ಬಾಣಂತಿಯರಿಗೇ ಇದು ಏಕೆ ಹೆಚ್ಚು? ವೈದ್ಯರು ಗುರುತಿಸಿದ ಕಾರಣಗಳಲ್ಲಿ ರಕ್ತಹೀನತೆ ಇದೆ, ಹೆರಿಗೆಯ ನಂತರದ ಸೋಂಕು ಇದೆ, ನೀರಿನ ಕೊರತೆಯೂ ಇದೆ. ಬಾಣಂತಿಗೆ ನೀರು ಕೊಡಬಾರದು, ಕೊಟ್ಟರೆ ಹೊಟ್ಟೆ ಬರುತ್ತದೆ, ಹಾಲಿಳಿದು ಮಗುವಿಗೆ ಶೀತವಾಗುತ್ತದೆ ಎಂದು ಅಜ್ಜಿಯರು ಇವತ್ತಿಗೂ ಹೇಳುತ್ತಾರೆ. ಗಾಳಿಯಾಡದ ಕೋಣೆ, ಕೆಳಗೆ ಕೆಂಡ, ಮೇಲೆ ಕಂಬಳಿ, ಬೆವರು ಕಿತ್ತು ಹರಿದರೂ ಕುಡಿಯಲು ಲೆಕ್ಕದ ಗುಟುಕು. ಹಿರಿಯೂರಿನ ಏಪ್ರಿಲ್ ಬಿಸಿಲಿನಲ್ಲಿ ಇದನ್ನು ಊಹಿಸಿಕೊಳ್ಳಬೇಕು. ಅಜ್ಜಿಯರ ಮನಸ್ಸಿನಲ್ಲಿ ಪ್ರೀತಿಯಲ್ಲದೆ ಬೇರೇನೂ ಇಲ್ಲ. ಅವರ ಖಾರ, ಬೆಳ್ಳುಳ್ಳಿ, ಬಿಸಿನೀರಿನ ಸ್ನಾನಗಳಲ್ಲಿ ಒಳ್ಳೆಯದೂ ಸಾಕಷ್ಟಿದೆ. ನೀರಿನ ವಿಷಯದಲ್ಲಿ ಮಾತ್ರ ಅವರ ಮಾತನ್ನು ಮೀರಲೇಬೇಕು. ಆಗಲೇ ಹೆಪ್ಪಿಗೆ ತುದಿಗಾಲಲ್ಲಿ ನಿಂತ ರಕ್ತದಿಂದ ನೀರನ್ನೂ ಹಿಂಡಿದರೆ ಅದು ಇನ್ನಷ್ಟು ಮಂದವಾಗುತ್ತದೆ.

ನಿಮ್ಹಾನ್ಸ್‌ನಲ್ಲೇ ನಾಗರಾಜ, ರೀಟಾ ಕ್ರಿಸ್ಟೋಫರ್ ಮತ್ತಿತರರು 2008ರಲ್ಲಿ ಇನ್ನೊಂದು ಎಳೆ ಹಿಡಿದರು. ಈ ಕಾಯಿಲೆ ಬಂದ ಬಾಣಂತಿಯರ ರಕ್ತದಲ್ಲಿ ಹೋಮೋಸಿಸ್ಟೀನ್ ಎಂಬ ಅಂಶ ಹೆಚ್ಚಾಗಿತ್ತು, ಫೋಲೇಟ್ ಕಡಿಮೆಯಿತ್ತು. ಹೋಮೋಸಿಸ್ಟೀನ್ ಏರಿದರೆ ರಕ್ತನಾಳದ ಒಳಪದರ ಕೆಡುತ್ತದೆ. ಸೊಪ್ಪು, ಕಾಳು ಮತ್ತು ಆಶಾ ಕಾರ್ಯಕರ್ತೆ ಪುಕ್ಕಟೆ ತಂದುಕೊಡುವ ಕಬ್ಬಿಣ-ಫೋಲಿಕ್ ಮಾತ್ರೆಗೆ ಹೀಗೊಂದು ಹೊಸ ಅರ್ಥ ಬಂತು. ಬಸುರಿನಲ್ಲಿ ನುಂಗಿದ ಮಾತ್ರೆಯನ್ನು ಬಾಣಂತನದಲ್ಲಿ ಉಷ್ಣವೆಂದು ನಿಲ್ಲಿಸುವವರು ಈ ಮಾತನ್ನು ಗಮನಿಸಬೇಕು.

ಚಿತ್ರದುರ್ಗ, ತುಮಕೂರು ಸೀಮೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಬಾಣಂತಿ ಹಾಗೂ ಕೂಸನ್ನು ಸೂತಕದ ಹೆಸರಿನಲ್ಲಿ ಹಟ್ಟಿಯಾಚೆ ಗುಡಿಸಲಿನಲ್ಲಿ ಇಡುವ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಹಟ್ಟಿಯೊಂದರಲ್ಲಿ ಹಾಗಿಟ್ಟಿದ್ದ ಹಸುಗೂಸು ಮಳೆ ಚಳಿಗೆ ಸಿಕ್ಕಿ ತೀರಿಕೊಂಡಿತು. ಆಗ ಮಗುವಿನ ಮಾತು ಎಲ್ಲರೂ ಆಡಿದರು. ಅದೇ ಗುಡಿಸಲಿನಲ್ಲಿ ಹೆಪ್ಪು, ಸೋಂಕು, ರಕ್ತಸ್ರಾವ ಮೂರಕ್ಕೂ ಅತಿ ಹೆಚ್ಚು ಒಡ್ಡಿಕೊಂಡ ವಾರಗಳನ್ನು ಒಬ್ಬಳೇ ಕಳೆಯುವ ತಾಯಿಯ ಮಾತು ಅಷ್ಟಾಗಿ ಬರಲಿಲ್ಲ. ರಾತ್ರಿ ಅವಳಿಗೆ ತಲೆ ಸಿಡಿಯುತ್ತಿದ್ದರೆ, ಕಾಲು ಬಾತಿದ್ದರೆ, ಮೈ ಸುಡುತ್ತಿದ್ದರೆ ನೋಡುವವರು ಯಾರು?

ಮೊದಲಿನ ಗಾಜಿನ ಟ್ಯೂಬಿಗೆ ಹೆರಿಗೆ ಕೋಣೆಯಲ್ಲೂ ಕೆಲಸವಿದೆ. ಹೆರಿಗೆಗೆ ಮುಂಚೆಯೇ ಮಾಸು ಕಳಚಿದಾಗ, ಸತ್ತ ಮಗು ಬಹಳ ದಿನ ಹೊಟ್ಟೆಯಲ್ಲೇ ಉಳಿದಾಗ, ಸೋಂಕು ರಕ್ತಕ್ಕೆ ಏರಿದಾಗ ತಾಯಿಯ ಮೈಯಲ್ಲಿ ನಡೆಯುವುದು ಹಾವು ಕಚ್ಚಿದವರಲ್ಲಿ ನಡೆಯುವುದೇ. ಮಾಸಿನಿಂದ ಹೊರಬಿದ್ದ ಅಂಶಗಳು ಎಲ್ಲೆಡೆ ಹೆಪ್ಪು ಎಬ್ಬಿಸಿ ಸಾಮಾನನ್ನೆಲ್ಲ ಖರ್ಚು ಮಾಡುತ್ತವೆ. ಆಮೇಲೆ ಸೂಜಿ ಚುಚ್ಚಿದ ಕಡೆಯಿಂದಲೂ ರಕ್ತ ಒಸರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿ ಹೇಳುವ ವಿಧಾನ ತಾಲ್ಲೂಕು ಆಸ್ಪತ್ರೆಗೆ ಹೇಳಿ ಮಾಡಿಸಿದಂತಿದೆ. ಎರಡು ಮಿಲಿಲೀಟರ್ ರಕ್ತ ಗಾಜಿನ ಟ್ಯೂಬಿಗೆ ಹಾಕಿ, ಮುಷ್ಟಿಯಲ್ಲಿ ಹಿಡಿದು ಬೆಚ್ಚಗಿಟ್ಟುಕೊಳ್ಳಬೇಕು. ನಾಲ್ಕು ನಿಮಿಷದ ಮೇಲೆ ಓರೆ ಮಾಡಿ ನೋಡುತ್ತಾ ಹೋಗಬೇಕು. ಏಳು ನಿಮಿಷವಾದರೂ ಗಟ್ಟಿಯಾಗದಿದ್ದರೆ, ಆದದ್ದೂ ಒಡೆದುಹೋದರೆ, ರಕ್ತ ಮತ್ತು ಪ್ಲಾಸ್ಮಾ ಇರುವ ಆಸ್ಪತ್ರೆಗೆ ಕೂಡಲೇ ಫೋನು ಹೋಗಬೇಕು.

ಹೊಸದುರ್ಗ, ಹೊಳಲ್ಕೆರೆಯಿಂದ 108 ಆಂಬುಲೆನ್ಸ್ ಹತ್ತಿದವರು ಚಿತ್ರದುರ್ಗಕ್ಕೋ ದಾವಣಗೆರೆಗೋ ಹೋಗುತ್ತಾರೆ. ಹಿರಿಯೂರಿನವರಲ್ಲಿ ಕೆಲವರು ಹೆದ್ದಾರಿ ಹಿಡಿದು ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಗೆ. ಅವರ ಊರಿನ ವಾಣಿವಿಲಾಸ ಸಾಗರಕ್ಕೂ 1935ರಲ್ಲಿ ತೆರೆದ ಆ ಆಸ್ಪತ್ರೆಗೂ ಒಬ್ಬರೇ ರಾಣಿಯ ಹೆಸರು. 2018-20ರ ಲೆಕ್ಕದಲ್ಲಿ ಲಕ್ಷ ಜೀವಂತ ಜನನಕ್ಕೆ ಕರ್ನಾಟಕದಲ್ಲಿ 69 ತಾಯಂದಿರು ಸತ್ತರು. ಕೇರಳದಲ್ಲಿ 19. ಆ ಅಂತರದ ಒಂದು ಭಾಗ ಇಂಥ ರಸ್ತೆಗಳ ಮೇಲೆ, ಹೊರಡಲು ತಡವಾದ ಗಂಟೆಗಳಲ್ಲಿದೆ.

ಹೊರಡುವ ಮುನ್ನ ಕೊಡಬಹುದಾದ ಒಂದು ಔಷಧದ ಹಿಂದೆ ಜಪಾನಿನ ಉಟಾಕೊ ಒಕಾಮೊಟೊ ಇದ್ದಾರೆ. ಹೆರಿಗೆಯ ರಕ್ತಸ್ರಾವದಿಂದ ಸಾಯುವ ತಾಯಂದಿರನ್ನು ಉಳಿಸಬೇಕೆಂದು ಆಕೆ, ಗಂಡ ಶೋಸುಕೆ ಜೊತೆ ಸೇರಿ, ಆದ ಹೆಪ್ಪು ಕರಗದಂತೆ ಹಿಡಿದಿಡುವ ಟ್ರಾನೆಕ್ಸಾಮಿಕ್ ಆಮ್ಲವನ್ನು ಕಂಡುಹಿಡಿದು 1962ರಲ್ಲಿ ಪ್ರಕಟಿಸಿದರು. ಹೆರಿಗೆಯಲ್ಲಿ ಅದನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಲು ಅರ್ಧ ಶತಮಾನ ಹಿಡಿಯಿತು. 21 ದೇಶಗಳ 20,060 ತಾಯಂದಿರ ಅಧ್ಯಯನ 2017ರಲ್ಲಿ ಪ್ರಕಟವಾದಾಗ, ಮೂರು ಗಂಟೆಯೊಳಗೆ ಕೊಟ್ಟರೆ ರಕ್ತಸ್ರಾವದ ಸಾವು ಮೂರರಲ್ಲಿ ಒಂದು ಭಾಗದಷ್ಟು ತಗ್ಗುತ್ತದೆ ಎಂದು ತಿಳಿಯಿತು. ಬೇರೆ ಕಡೆ ಹೆಪ್ಪುಗಟ್ಟುವ ಭಯವೂ ನಿಜವಾಗಲಿಲ್ಲ. ಒಕಾಮೊಟೊ ಅದರ ಹಿಂದಿನ ವರ್ಷವೇ, 98ರ ವಯಸ್ಸಿನಲ್ಲಿ ತೀರಿಕೊಂಡಿದ್ದರು.

ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಬರಬೇಕೆಂದು ನಿಯಮವಿದೆ. ಮಗುವಿನ ತೂಕ ನೋಡಲು, ಹೊಕ್ಕುಳು ನೋಡಲು ಆಕೆ ಬರುತ್ತಾಳೆ. 42 ದಿನವೆಂದರೆ ಆರು ವಾರ, ಹೆಪ್ಪಿನ ಅಪಾಯ ತುತ್ತತುದಿಯಲ್ಲಿರುವ ಅವಧಿಯೂ ಅಷ್ಟೇ. ತೂಕದ ಚೀಲ ಮಡಿಸಿಟ್ಟು ಎದ್ದು ಹೋಗುವ ಮುನ್ನ ಆಕೆ ತಾಯಿಯನ್ನು ಕೇಳಬಹುದಾದದ್ದು ಇಷ್ಟು: ತಲೆನೋವು ಇದೆಯೇನಮ್ಮ? ಕಣ್ಣು ಮಂಜಾಗುತ್ತಾ? ಒಂದೇ ಕಾಲು ಬಾತಿದೆಯಾ? ಚಳಿಜ್ವರ ಬಂದಿತ್ತಾ? ಬೆಳಗಿನಿಂದ ಎಷ್ಟು ನೀರು ಕುಡಿದೆ?